ಓಟ್ಸಿಗೆ ಎಸರು ಹಾಕಬೇಡಿ

ಓಟ್ಸ್ ಕೊಳ್ಳುವಾಗ ಪಾಕೀಟಿನ ಮುಖ ನೋಡಬೇಡಿ, ಬೆನ್ನು ನೋಡಿ. ಇಳಕಲ್ ಸೀರೆ ಕೊಳ್ಳಲು ಬರುವವರಿಗೂ ನಾನು ಹೇಳುವುದು ಇದನ್ನೇ. ಸೆರಗು ಒಡಲಿಗೆ ಕೂಡುವ ಜಾಗವನ್ನು ತಿರುವಿ ಹಿಂದಿನಿಂದ ನೋಡಿದರೆ ಮಾಲಿನ ನಿಜ ತಿಳಿಯುತ್ತದೆ; ಮುಂದಿನಿಂದ ಎಲ್ಲವೂ ಚೆಂದವೇ. ಪಾಕೀಟಿನ ಮುಂದೆ ಹಣ್ಣು, ಜೇನು, ನಗುವ ಹೆಂಗಸು ಇರುತ್ತಾರೆ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಕ್ಕರೆ, ಉಪ್ಪು, ಮಸಾಲೆ, ನಾಲಗೆ ಹೊರಳದ ಹೆಸರುಗಳು ಇರುತ್ತವೆ. ಒಳಗೆ ಏನಿದೆ ಎನ್ನುವಲ್ಲಿ ಓಟ್ಸ್ ಎಂಬ ಒಂದೇ ಮಾತಿದ್ದರೆ ಅದನ್ನು ತನ್ನಿ. ಉಳಿದದ್ದನ್ನು ಅಂಗಡಿಯವನಿಗೇ ಬಿಟ್ಟು ಬನ್ನಿ. ಉಪ್ಪು, ಖಾರ ನಮ್ಮ ಮನೆಯಲ್ಲೇ ಇದೆಯಲ್ಲ?

ಇಷ್ಟೆಲ್ಲ ನಾನು ಕಲಿತದ್ದು ತೆಳ್ಳಗಾಗಲಿಕ್ಕಲ್ಲ. ತೆಳ್ಳಗಾಗುತ್ತಿದ್ದ ನಮ್ಮತ್ತೆಯನ್ನು ಹಿಡಿದು ನಿಲ್ಲಿಸಲಿಕ್ಕೆ.

ನಮ್ಮ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿದೆ. ಮುಂದಿನ ಕೋಣೆಯೇ ನನ್ನ ಅಂಗಡಿ: ಒಂದು ಗೋಡೆಗೆ ಇಳಕಲ್ ಸೀರೆ, ಇನ್ನೊಂದಕ್ಕೆ ಕುಪ್ಪಸಕ್ಕೆಂದೇ ನೇಯ್ದ ಗುಳೇದಗುಡ್ಡದ ಖಣ. ಯಾರೂ ನನಗೆ ಅಂಗಡಿ ಇಟ್ಟುಕೊಟ್ಟವರಲ್ಲ. ಮೊದಲ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಇಳಕಲ್ಲಿನಿಂದ ಹುನಗುಂದದ ಮೇಲೆ ಬಸ್ಸಿನಲ್ಲಿ ಬಂದು, ಕಾಲೇಜಿನ ಮೇಡಂಗಳ ಮನೆ ಬಾಗಿಲು ಬಡಿದು ಶುರು ಮಾಡಿದ್ದು. ಆ ಗಂಟು ಕಟ್ಟಿಕೊಟ್ಟವರು ಮಾತ್ರ ನಮ್ಮತ್ತೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವರು. ‘ಬೇಕೇನ್ರಿ ಅಂತ ಕೇಳಬ್ಯಾಡ, ಯಾವ್ದು ಬೇಕ್ರಿ ಅಂತ ಕೇಳು’ ಎಂದು ಹೇಳಿಕೊಟ್ಟವರೂ ಅವರೇ. ಬೇಕೇ ಎಂದರೆ ಬೇಡ ಎನ್ನುವುದು ಸುಲಭ. ಯಾವುದು ಎಂದರೆ ಕೈ ತಾನಾಗಿ ಮುಂದೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಅತ್ತೆ ಲಿಂಗಪೂಜೆ ಮುಗಿಸದೆ ಬಾಯಿಗೆ ಹನಿ ನೀರೂ ಹಾಕುವವರಲ್ಲ. ತಟ್ಟೆಗೆ ಬಿದ್ದ ಮೇಲೆ ಅದು ಅವರಿಗೆ ಪ್ರಸಾದ, ಒಂದಗುಳು ಬಿಡುವಂತಿಲ್ಲ. ಉಂಡಾದ ಮೇಲೆ ತಂಬಿಗೆಯಿಂದ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ತಟ್ಟೆ ಬೆಳಗಿಟ್ಟಂತೆ ಹೊಳೆಯುತ್ತದೆ. ಅದನ್ನು ನೋಡಿ ನೋಡಿ ಅಭ್ಯಾಸವಾಗಿದ್ದ ನಮಗೆ ಅತ್ತೆ ಸರಿಯಾಗಿ ಉಣ್ಣುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ. ಖಾಲಿ ತಟ್ಟೆ ಎಂದರೆ ತುಂಬಿದ ಹೊಟ್ಟೆ ಎಂದೇ ನಮ್ಮ ಲೆಕ್ಕ.

ಆ ಲೆಕ್ಕ ತಪ್ಪಿದೆ ಎಂದು ತೋರಿಸಿದ್ದು ಅವರ ಕುಪ್ಪಸ.

ಒಂದು ಮುಂಜಾನೆ ಗುಳೇದಗುಡ್ಡದಿಂದ ಖಣದ ಹೊಸ ಮಾಲು ತಂದು ಬಿಚ್ಚುತ್ತಿದ್ದೆ. ಅತ್ತೆ ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ಕುಳಿತರು. ಅವರದು ಇವತ್ತಿಗೂ ಮುಂದೆ ಗಂಟು ಹಾಕುವ ಹಳೇ ಮಾದರಿಯ ಕುಪ್ಪಸ. ಆ ಗಂಟಿನ ತುದಿಗಳು ಯಾವಾಗಲೂ ಹೆಬ್ಬೆರಳಿನಷ್ಟು ಮೋಟಾಗಿ ನಿಂತಿರುತ್ತಿದ್ದವು. ಅವತ್ತು ಎರಡೂ ತುದಿ ಹೊಟ್ಟೆಯ ಮೇಲೆ ಜೋತುಬಿದ್ದಿದ್ದವು. ಹಸಿರು ಖಣವೊಂದನ್ನು ಎತ್ತಿ ಬೆಳಕಿಗೆ ಹಿಡಿದು ಅತ್ತೆ ಹೇಳಿದರು:

“ಇದರಾಗ ನನಗೊಂದು ಕುಪ್ಪಸ ಹೊಲಿ. ಅಳತಿ ಸಣ್ಣದು ಹಿಡಿ. ಮೈಮ್ಯಾಲಿಂದು ಭಾಳ ದೊಡ್ಡದಾಗೇತಿ.”

“ಕುಪ್ಪಸ ದೊಡ್ಡದಾಗಿಲ್ರಿ ಅತ್ತಿ. ನೀವು ಸಣ್ಣ ಆಗೀರಿ.”

“ಆದರ ಆಗ್ಲಿ ಬಿಡು. ಈ ವಯಸ್ಸಿನ್ಯಾಗ ಮೈ ಬೆಳಸ್ಕೊಂಡು ಯಾರಿಗೆ ತೋರಿಸ್ಬೇಕು?”

ನಾನು ಖಣವನ್ನು ಅವರ ಕೈಯಿಂದ ಇಸಿದುಕೊಂಡು ಮಡಚಿ ಕಪಾಟಿನಲ್ಲಿಟ್ಟೆ. “ಈಗ ಕತ್ತರಿ ಹಾಕೂದಿಲ್ಲ. ಮೊದಲ ಊಟ ನೋಡ್ತೇನಿ” ಎಂದೆ.

ಅಂದು ಮಧ್ಯಾಹ್ನ ತಟ್ಟೆ ನೋಡಲಿಲ್ಲ, ಅವರ ಕೈ ನೋಡಿದೆ. ರೊಟ್ಟಿ ಮುಂದೆ ಬರುತ್ತಲೇ, ಅದಿನ್ನೂ ತಟ್ಟೆ ಮುಟ್ಟುವ ಮೊದಲೇ, ಉಬ್ಬಿದ ಮೇಲಿನ ತೆಳು ಪದರವನ್ನು ಮಾತ್ರ ಬಿಡಿಸಿಕೊಂಡು ಉಳಿದದ್ದನ್ನು ಬುಟ್ಟಿಗೆ ಹಿಂದಿರುಗಿಸಿದರು. ಪಲ್ಯ ಬಡಿಸಲು ಹೋದರೆ ಅಂಗೈ ಅಡ್ಡ ಹಿಡಿದರು. ತಟ್ಟೆಗೆ ಬಿದ್ದರೆ ಬಿಡುವಂತಿಲ್ಲ, ಅಗಿಯಲಿಕ್ಕೆ ಹಲ್ಲಿಲ್ಲ. ಅದಕ್ಕೇ ಬೀಳಲಿಕ್ಕೇ ಬಿಡುತ್ತಿರಲಿಲ್ಲ. ಅಷ್ಟೇ ಅಷ್ಟು ತಿಂದು, ತಟ್ಟೆ ತೊಳೆದು ಕುಡಿದು ಎದ್ದರು.

ನಮ್ಮ ಯಜಮಾನರಿಗೆ ಹೇಳಿದರೆ, “ನಮ್ಮವ್ವ ಗಂಗಾಳ ತೊಳದು ಕುಡೀತಾಳ, ಇನ್ನೇನ್ ಬೇಕು ನಿನಗ?” ಎಂದು ನನ್ನನ್ನೇ ಗದರಿದರು. ಜೋತುಬಿದ್ದ ಗಂಟಿನ ತುದಿ ತೋರಿಸಿದ ಮೇಲೆ ಗಾಡಿ ತೆಗೆದರು.

ದವಾಖಾನೆಯಲ್ಲಿ ರಕ್ತ, ಎದೆ, ಹೊಟ್ಟೆ ಎಲ್ಲ ನೋಡಿದರು. ರೋಗ ಯಾವುದೂ ಇರಲಿಲ್ಲ. “ಊಟ ಸಾಲುತ್ತಿಲ್ಲ ಅಷ್ಟೇ. ಹೀಗೇ ಇಳಿಯುತ್ತ ಹೋದರೆ ಅಜ್ಜಿ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಎಬ್ಬಿಸುವುದು ಕಷ್ಟ” ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಮೊದಲೇ ಮಾಡಿಸಿದ್ದ ಹಲ್ಲಿನ ಸೆಟ್ಟು ಸ್ಟೀಲ್ ಡಬ್ಬಿಯಲ್ಲಿ ಕುಳಿತಿತ್ತು. ಒಸಡಿಗೆ ಒತ್ತುತ್ತದೆ ಎಂದು ಎರಡು ಸಲ ಕೆರೆಸಿ ತಂದದ್ದಾಗಿತ್ತು. ಅತ್ತೆ ಅದನ್ನು ‘ಬಾಡಿಗಿ ಹಲ್ಲು’ ಎನ್ನುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಹಾಕಿಕೊಂಡು ನಗುತ್ತಾರೆ, ಅವರು ಹೋದ ಕೂಡಲೇ ತೆಗೆದು ಡಬ್ಬಿಗೆ ಹಾಕುತ್ತಾರೆ.

ಮೆತ್ತಗಿನದು ಕೊಟ್ಟರಾಯಿತಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟೆ. ಗಂಜಿ ಮಾಡಿದೆ. ಅನ್ನ, ಬೇಳೆ ಕಿವುಚಿ ಬಟ್ಟಲಲ್ಲಿ ಹಾಕಿ ಚಮಚ ಇಟ್ಟೆ. ಅತ್ತೆ ಚಮಚವನ್ನು ಎತ್ತಿ ತಿರುಗಿಸಿ ಮುರುಗಿಸಿ ನೋಡಿದರು.

“ನಾ ಬ್ಯಾನಿ ಬಿದ್ದೀನೇನು?”

“ಇಲ್ರಿ ಅತ್ತಿ, ಮೆತ್ತಗ ಇರ್ಲಿ ಅಂತ…”

“ಮುರಕೊಂಡು ತಿನ್ನೂದು ಊಟ. ಇದು ದವಾಖಾನಿ. ಒಯ್ಯಿ ಅತ್ತಾಗ.”

ಅವರ ಸಮಸ್ಯೆ ನನಗೆ ಅರ್ಥವಾದದ್ದು ಆಗಲೇ. ಹಸಿವು ಅವರನ್ನು ಬಿಟ್ಟಿರಲಿಲ್ಲ. ಬಲಗೈಯ ಮೂರು ಬೆರಳಿನಿಂದ ದುಂಡಗಿನದೊಂದನ್ನು ಮುರಿದು, ಹಿಂಡಿಯಲ್ಲಿ, ಅಂದರೆ ಚಟ್ನಿಪುಡಿಯಲ್ಲಿ, ಒರೆಸಿ ಬಾಯಿಗೆ ಹಾಕಿಕೊಳ್ಳುವುದು ಬೇಕಿತ್ತು. ಬಾಳೆಲ್ಲ ಹಾಗೆ ಉಂಡವರು. ಗಿರಾಕಿಗೆ ಏನು ಬೇಕು ಎಂಬುದು ತಿಳಿದರೆ ಅರ್ಧ ವ್ಯಾಪಾರ ಮುಗಿದಂತೆ. ಇಲ್ಲಿ ಬೇಕಾಗಿದ್ದದ್ದು ಮುರಿಯಲು ಬರುವ, ಆದರೆ ಅಗಿಯುವ ಕೆಲಸ ಇಲ್ಲದ ಒಂದು ರೊಟ್ಟಿ.

ಅದು ನನಗೆ ಸಿಕ್ಕಿದ್ದು ಮಗಳ ಕಪಾಟಿನಲ್ಲಿ. ಕಾಲೇಜಿನಲ್ಲಿ ಯಾರೋ ದಪ್ಪಗಾಗಿದ್ದೀ ಎಂದರೆಂದು ಓಟ್ಸ್ ತಂದು, ಒಂದು ಮುಂಜಾನೆ ಕುದಿಸಿ ಕುಡಿದು, ಮುಖ ಕಿವುಚಿ, ಪಾಕೀಟಿಗೆ ಕ್ಲಿಪ್ ಹಾಕಿ ಮರೆತಿದ್ದಳು. ಬಿಸಾಡುವುದು ನನ್ನ ಜಾತಕದಲ್ಲೇ ಇಲ್ಲ. ಇದರಿಂದ ಬೇರೆ ಏನಾದರೂ ಮಾಡಬಹುದೇ ಎಂದು ಕೇಳಿದಾಗ ಅವಳು ಮೊಬೈಲಿನಲ್ಲಿ ಪ್ಯಾನ್‌ಕೇಕ್ ತೋರಿಸಿದಳು. ಅಂಗೈ ಅಗಲ, ಬೆರಳಿನಷ್ಟು ದಪ್ಪ, ಒತ್ತಿದರೆ ಹತ್ತಿಯ ಹಾಗೆ ತಗ್ಗಿ ಮತ್ತೆ ಏಳುತ್ತಿತ್ತು. ಅದನ್ನು ನೋಡಿದ ಕೂಡಲೇ, ಇದೇ, ಎಂದೆ.

“ಆದರ ಅವ್ವಾ, ಇದಕ್ಕ ತತ್ತಿ ಹಾಕ್ಬೇಕಂತ.”

“ಮೆಲ್ಲಕ ಮಾತಾಡ! ನಿಮ್ಮ ಆಯಿ ಕೇಳಿದ್ರ ಹಂಚು, ಒಲಿ ಅಷ್ಟ ಅಲ್ಲ, ಮನೀನ ಬದಲಿ ಮಾಡಂತಾರ.”

ತತ್ತಿ, ಎಂದರೆ ಮೊಟ್ಟೆ, ಬಿಟ್ಟು ಮಾಡೋಣ ಎಂದುಕೊಂಡೆ. ಇಲ್ಲೇ ನಾನು ನಮ್ಮ ಸೀಮೆಯವರು ಮಾತ್ರ ಮಾಡುವಂಥ ತಪ್ಪು ಮಾಡಿದ್ದು. ಓಟ್ಸನ್ನು ಮಿಕ್ಸಿಯಲ್ಲಿ ಹಿಟ್ಟು ಮಾಡಿ ಪರಾತಕ್ಕೆ ಸುರಿದೆ. ನಡುವೆ ಗುಳಿ ಮಾಡಿದೆ. ಕೈ ತನ್ನ ಪಾಡಿಗೆ ತಾನು ಹೋಗಿ ಒಲೆಯ ಮೇಲೆ ಎಸರಿಟ್ಟಿತು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕದಿದ್ದರೆ ಜಿಗಿ ಬರುವುದಿಲ್ಲ, ತಟ್ಟಿದರೆ ಅಂಚು ಒಡೆಯುತ್ತದೆ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಹಿಟ್ಟು ಎಂದರೆ ಎಸರು ಎಂದೇ ನಮ್ಮ ಕೈಗೆ ಗೊತ್ತು. ಕೊತಕೊತ ಕುದಿಯುವ ನೀರನ್ನು ಗುಳಿಗೆ ಸುರಿದು ನಾದಲು ಕೈ ಹಾಕಿದೆ. ಕೈ ವಾಪಸು ಬರಲಿಲ್ಲ.

ಎಳೆದರೆ ಹಿಟ್ಟೂ ಬಂತು, ಹಿಟ್ಟಿನ ಜೊತೆ ಪರಾತವೂ ಬಂತು. ಎಡಗೈಯಿಂದ ಬಿಡಿಸಲು ಹೋಗಿ ಎಡಗೈಯೂ ಸಿಕ್ಕಿಕೊಂಡಿತು. ಮಗಳು ಬಾಗಿಲಿಗೆ ಒರಗಿ ನಿಂತು ನಕ್ಕಿದ್ದೇ ನಕ್ಕಿದ್ದು.

“ಅವ್ವಾ, ನಾಕು ಗ್ವಾಡಿಗೆ ಪೋಸ್ಟರ್ ಹಚ್ಚಬಹುದು ನೋಡು!”

ಪಡಸಾಲೆಯಿಂದ ಅತ್ತೆಯ ದನಿ ಬಂತು: “ಏನಾತ ಅಲ್ಲಿ? ತಟ್ಟೂ ಸಪ್ಪಳಾನ ಇಲ್ಲ?”

ಎದ್ದು ಬಂದು, ಬಗ್ಗಿ, ಒಂದು ಬೆರಳಿನಿಂದ ಮುಟ್ಟಿ ಎಳೆ ತೆಗೆದು ನೋಡಿದರು. “ಇದನ್ನ ತಿನ್ನಬಾರ್ದು. ನಮ್ಮ ಓಣ್ಯಾಗ ಹಾಸಿನ ನೂಲಿಗೆ ಗಂಜಿ ಅಂತ ಹಚ್ಚಾಕ ಕೊಟ್ಟು ಕಳಿಸು, ಎಳಿ ಹರಿಯೂದಿಲ್ಲ. ಏನ್ ಹಿಟ್ಟಿದು?”

“ಓಟ್ಸ್ ರೀ ಅತ್ತಿ.”

“ಅದು ಕುದುರಿ ತಿನ್ನೂದಲ್ಲೇನು?”

“ಹೌದ್ರಿ. ಕುದುರಿ ಓಡ್ತಾವಲ್ಲರಿ, ಅದಕ್ಕ ತಂದೇನಿ.”

ಅತ್ತೆ ನಗು ತಡೆದುಕೊಂಡು ಹೊರಗೆ ಹೋದರು. ನನಗೆ ಅಷ್ಟೇ ಸಾಕಿತ್ತು. ಮಾಲನ್ನು ಕೈಯಿಂದ ಮುಟ್ಟಿ ನೋಡಿದ ಗಿರಾಕಿ ಇವತ್ತಲ್ಲ ನಾಳೆ ಬಂದೇ ಬರುತ್ತಾರೆ.

ಆದ್ದರಿಂದ ಹೇಳುತ್ತೇನೆ: ಓಟ್ಸಿಗೆ ಎಸರು ಹಾಕಬೇಡಿ. ಅದರಲ್ಲಿ ಅದರದೇ ಅಂಟು ಬೇಕಾದಷ್ಟಿದೆ. ಬಿಸಿ ನೀರು ಬಿದ್ದರೆ ಅದು ಕೆರಳುತ್ತದೆ. ತಣ್ಣಗಿನ ಮಜ್ಜಿಗೆ ಹಾಕಿ. ನಾದಬೇಡಿ, ತಟ್ಟಬೇಡಿ, ಲಟ್ಟಿಸಬೇಡಿ. ಕಲಸಿ ಸುಮ್ಮನೆ ಮುಚ್ಚಿಡಿ, ಅಂಗಡಿಯ ಒಬ್ಬ ಗಿರಾಕಿಯನ್ನು ಮುಗಿಸಿ ಬರುವಷ್ಟು ಹೊತ್ತು.

ಮುಂದಿನ ಸಲ ಮಜ್ಜಿಗೆಯಲ್ಲಿ ಕಲಸಿ ಹಂಚಿಗೆ ಹಾಕಿದೆ. ಹರಡಿತು, ಬೆಂದಿತು, ತಿರುವಿ ಹಾಕುವಾಗ ನಾಲ್ಕು ತುಂಡಾಯಿತು. ತತ್ತಿ ಮಾಡುವ ಕೆಲಸವನ್ನು ಯಾರೂ ಮಾಡಿರಲಿಲ್ಲ. ತತ್ತಿಯ ಕೆಲಸವೇನು? ಹಿಡಿದಿಡುವುದು. ನಮ್ಮ ಅಡುಗೆಮನೆಯಲ್ಲಿ ಹಿಡಿದಿಡುವವರು ಯಾರು ಎಂದು ಡಬ್ಬಿಗಳ ಸಾಲನ್ನು ನೋಡುತ್ತ ನಿಂತೆ. ಕಣ್ಣು ಅಗಸಿ ಬೀಜದ ಡಬ್ಬಿಯ ಮೇಲೆ ನಿಂತಿತು. ಅಗಸಿ ಹಿಂಡಿಯ ಡಬ್ಬಿಗೆ ಹಸಿ ಚಮಚ ಹಾಕಿದವರಿಗೆಲ್ಲ ಗೊತ್ತು, ನೀರು ತಾಗಿದ ಕೂಡಲೇ ಅದು ಲೋಳೆ ಬಿಡುತ್ತದೆ. ಹುರಿಯದ ಅಗಸಿಯನ್ನು ಪುಡಿ ಮಾಡಿ, ನೀರಿನಲ್ಲಿ ನೆನೆಸಿ, ಆ ಲೋಳೆಯನ್ನು ಹಿಟ್ಟಿಗೆ ಕೂಡಿಸಿದೆ. ಸಣ್ಣ ಉರಿ, ಹಂಚಿನ ಮೇಲೊಂದು ಮುಚ್ಚಳ. ಮೇಲೆ ಸಣ್ಣ ಸಣ್ಣ ಕಣ್ಣು ಬಿಟ್ಟು, ಅಂಚು ಒಣಗಿದ ಮೇಲೆ ತಿರುವಿದೆ. ಇಡಿಯಾಗಿ ಮಗುಚಿತು.

ಅವತ್ತು ಬಾಳೆಹಣ್ಣು ಕಿವುಚಿ, ಬೆಲ್ಲ, ಏಲಕ್ಕಿ ಹಾಕಿದ್ದೆ. ಮಗಳು ಹಂಚಿನಿಂದ ನೇರ ಬಾಯಿಗೆ ಹಾಕಿಕೊಂಡು ನಾಲಗೆ ಸುಟ್ಟುಕೊಂಡಳು. ನಮ್ಮ ಯಜಮಾನರು ಇನ್ನೊಂದಕ್ಕೆ ತಟ್ಟೆ ಚಾಚಿದರು. ಅತ್ತೆ ತುದಿಯಿಂದ ಒಂದು ಚೂರು ಮುರಿದು ಅಂಗೈಯಲ್ಲಿಟ್ಟುಕೊಂಡು ತಿಂದರು.

“ಚಲೋ ಐತಿ.”

“ಇನ್ನೊಂದ್ ಸ್ವಲ್ಪ ಹಾಕ್ಲೇನ್ರಿ?”

“ಬ್ಯಾಡ. ಸೀ ಅಂದ್ರ ಇಷ್ಟ ಸಾಕು. ಇದು ಊಟ ಅಲ್ಲ.”

ಹಾಕಲೇ ಎಂದು ಕೇಳಿದ್ದೇ ತಪ್ಪು. ಅವರೇ ಕಲಿಸಿದ ಪಾಠ ನಾನೇ ಮರೆತಿದ್ದೆ. ಅದಲ್ಲದೆ ಮಾತು ಅವರದೇ ಸರಿಯಿತ್ತು. ಸಿಹಿ ತಿಂದರೆ ಊಟ ಮಾಡಿದಂತಾಗುವುದಿಲ್ಲ. ಊಟ ಎಂದರೆ ಮನೆಯಲ್ಲಿ ಜೋಳದ ವಾಸನೆ ಏಳಬೇಕು.

ಆ ವಾರ ಮರೋಳದ ಕಡೆಯಿರುವ ನನ್ನ ತವರಿನಿಂದ ಬಿಳಿಜೋಳದ ಹೊಸ ಹಿಟ್ಟು ಬಂದಿತ್ತು. ಓಟ್ಸ್ ಹಿಟ್ಟಿಗೆ ಅದರಲ್ಲಿ ಒಂದು ಹಿಡಿ ಹಾಕಿದೆ. ಬಾಳೆಹಣ್ಣು, ಬೆಲ್ಲ ತೆಗೆದೆ. ಉಪ್ಪು, ಜೀರಿಗೆ ಹಾಕಿ, ಎಳೆ ಮೆಂತ್ಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಸೇರಿಸಿದೆ. ಅಗಸಿಯ ಲೋಳೆ, ಮಜ್ಜಿಗೆ ಇದ್ದೇ ಇತ್ತು. ಕಲಸಿದ್ದು ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಬೇಕು, ದೋಸೆಯಷ್ಟು ತೆಳುವಾದರೆ ಮುರಿಯಲು ಬರುವುದಿಲ್ಲ, ಹರಿಯುತ್ತದೆ. ಜೋಳ ಒಂದು ಹಿಡಿಗಿಂತ ಹೆಚ್ಚು ಬೇಡ, ಗಟ್ಟಿಯಾಗುತ್ತದೆ. ಇನ್ನೊಂದು ಮಾತು: ಅಂಗೈ ಅಗಲಕ್ಕಿಂತ ದೊಡ್ಡದು ಮಾಡಬೇಡಿ. ತಿರುವುವಾಗ ಒಡೆಯುವುದಿಲ್ಲ ಎಂಬುದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ, ದೊಡ್ಡದನ್ನು ಕಂಡ ಕೂಡಲೇ ಬೇಡ ಎನ್ನುವವರು ಸಣ್ಣದನ್ನು ಕಂಡರೆ ಯೋಚನೆ ಮಾಡುತ್ತಾರೆ.

ಹಂಚು ಕಾದು ಹಿಟ್ಟು ಬಿದ್ದದ್ದೇ, ಜೋಳ ಸುಡುವ ವಾಸನೆ ಪಡಸಾಲೆಗೆ ಹೋಯಿತು. ಅತ್ತೆ ಕರೆಯುವ ಮೊದಲೇ ಬಂದು ಮಣೆ ಎಳೆದುಕೊಂಡು ಕುಳಿತರು. ನಾನು ಎರಡು ತಂದು ಅವರ ತಟ್ಟೆಗೆ ಹಾಕದೆ ಬೇರೆ ಪ್ಲೇಟಿನಲ್ಲಿ ಮುಂದೆ ಹಿಡಿದೆ.

“ಅತ್ತಿ, ಒಂದಕ್ಕ ಬೆಣ್ಣಿ ಹಚ್ಚೇನಿ. ಒಂದಕ್ಕ ಶೇಂಗಾ ಹಿಂಡಿ, ಮೊಸರು. ಯಾವ್ದು ಕೊಡ್ಲಿರಿ?”

ಅತ್ತೆ ಪ್ಲೇಟನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

“ನನ್ನ ಗಿರಾಕಿ ಮಾಡೀಯೇನು?”

“ನೀವ ಕಲಿಸಿದ್ದರಿ.”

“ಕಲಿಸಿದ್ದು ಮಂದೀಗೆ ಮಾರಾಕ. ಹಿಂಡೀದು ಕೊಡು. ಅರ್ಧ ಮುರದು ಕೊಡು.”

“ಅರ್ಧ ಖಣ ಯಾರ್ ಕತ್ತರಿಸಿ ಕೊಡ್ತಾರ್ರಿ ಅತ್ತಿ? ಕುಪ್ಪಸ ಆಗೂದಿಲ್ಲ.”

ಮಗಳು ಕಿಸಕ್ಕನೆ ನಕ್ಕಳು. ಅತ್ತೆ ಅವಳನ್ನೊಮ್ಮೆ ದಿಟ್ಟಿಸಿ, “ನಿಮ್ಮವ್ವನ ಬಾಯಾಗ ಬಿದ್ದವ್ರು ಉಳದಿಲ್ಲ ನೋಡವ್ವ” ಎಂದು ತಟ್ಟೆಯನ್ನು ಮುಂದೆ ಸರಿಸಿದರು. ಇಡೀ ಒಂದನ್ನು ಅದಕ್ಕೆ ಹಾಕಿದೆ. ಬಿದ್ದ ಮೇಲೆ ಅದು ಪ್ರಸಾದ. ಇನ್ನು ಅವರೂ ಹಿಂದೆ ಹೋಗುವಂತಿಲ್ಲ, ನಾನೂ.

ಮೂರು ಬೆರಳು ಅಂಚಿಗೆ ಹೋದವು. ಸಲೀಸಾಗಿ ಮುರಿಯಿತು. ಹಿಂಡಿಯಲ್ಲಿ ಒರೆಸಿ, ಮೊಸರಿಗೆ ತಾಗಿಸಿ ಬಾಯಿಗೆ ಹಾಕಿಕೊಂಡರು. ಒಸಡಿನ ಮೇಲೇ ಅದನ್ನು ಅತ್ತಿತ್ತ ಹೊರಳಿಸಿದರು, ನುಂಗಿದರು. ಮತ್ತೆ ಮುರಿದರು. ನಾವು ಯಾರೂ ಅವರನ್ನು ನೋಡುತ್ತಿಲ್ಲ ಎಂಬಂತೆ ಕುಳಿತಿದ್ದೆವು. ನಮ್ಮ ಯಜಮಾನರು ಎಂದೋ ಓದಿದ ಪೇಪರನ್ನೇ ತಿರುಗಿ ಓದುತ್ತಿದ್ದರು.

ತಟ್ಟೆ ಖಾಲಿಯಾಯಿತು. ಅತ್ತೆ ಎಡಗೈಯಿಂದ ತಂಬಿಗೆ ಎತ್ತಿದರು. ಆ ನೀರು ತಟ್ಟೆಗೆ ಬಿದ್ದರೆ ಮುಗಿಯಿತು, ಊಟ ಆದಂತೆ. ಆಮೇಲೆ ಯಾರು ಏನು ಬೇಡಿಕೊಂಡರೂ ಅವರು ಒಂದು ತುತ್ತು ಮುಟ್ಟುವವರಲ್ಲ. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತೇ ಇದ್ದೆ. ಅತ್ತೆ ತಂಬಿಗೆಯನ್ನು ಬಾಯಿಯ ಮೇಲೆ ಎತ್ತಿ ಒಂದು ಗುಟುಕು ಕುಡಿದು, ಕೆಳಗಿಟ್ಟರು.

“ಬೆಣ್ಣೀದು ಐತೋ, ಆ ಹುಡುಗಿ ತಿಂದ್ಲೋ?”

ಹುಡುಗಿ ತಿಂದಿದ್ದಳು. “ತಡೀರಿ ಆಯಿ, ಬಿಸೀದು ತರ್ತೇನಿ” ಎಂದು ಅವಳೇ ಎದ್ದು ಓಡಿ ಬಂದು ನನ್ನ ಕೈಯಿಂದ ಸೌಟು ಕಸಿದುಕೊಂಡಳು.

ಅಲ್ಲಿಂದ ಮುಂದೆ ಎಲ್ಲವೂ ಸುಲಭವಾಯಿತು ಎಂದೇನಲ್ಲ. ಕೆಲವು ದಿನ ಒಂದಕ್ಕೇ ತಂಬಿಗೆ ಎತ್ತುತ್ತಿದ್ದರು. ಒಮ್ಮೆ ಮೆಂತ್ಯ ಕಹಿಯಾಯಿತೆಂದು ಸಿಟ್ಟಾದರು. ಅದರ ಜಾಗಕ್ಕೆ ಸೋರೆಕಾಯಿ ತುರಿದು ಹಾಕಿದೆ, ಇನ್ನೂ ಮೆತ್ತಗಾಯಿತು. ಕುಂಬಳಕಾಯಿಯೂ ಆಗುತ್ತದೆ. ಕ್ಯಾರೆಟ್ ಮಾತ್ರ ಬೇಯಿಸಿಯೇ ಹಾಕಿ, ಹಸಿಯದು ಒಸಡಿಗೆ ಸಿಗುತ್ತದೆ. ದಿನವೂ ಒಂದೇ ಥರದ್ದು ಮಾಡಬೇಡಿ. ಬೇಸರ ಬಂದ ಗಿರಾಕಿ ತಿರುಗಿ ಬರುವುದಿಲ್ಲ. ಒಂದು ದಿನ ಅತ್ತೆ ತಾವೇ ಒಲೆಯ ಮುಂದೆ ಕುಳಿತು, ನಾನು ಹಾಕಿದ ಹಿಟ್ಟನ್ನು ಒದ್ದೆ ಬೆರಳಿನಿಂದ ದುಂಡಗೆ ತಿದ್ದಿದರು. “ರೊಟ್ಟಿ ಅಂದ ಮ್ಯಾಲ ದುಂಡಗರ ಇರ್ಬೇಕು. ನೀ ಮಾಡಿದ್ದು ನೋಡಿದ್ರ ನಮ್ಮ ಜಿಲ್ಲಾದ ನಕಾಶಿ ಕಂಡಂಗ ಕಾಣತೈತಿ” ಎಂದರು. ಆವತ್ತಿನಿಂದ ಅದಕ್ಕೆ ನಮ್ಮ ಮನೆಯಲ್ಲಿ ಪ್ಯಾನ್‌ಕೇಕ್ ಎನ್ನುವ ಹೆಸರು ಹೋಯಿತು. ರೊಟ್ಟಿ ಎಂದೇ ಕರೆಯುತ್ತೇವೆ.

ಹಸಿರು ಖಣ ಕಪಾಟಿನಲ್ಲೇ ಇತ್ತು. ನೋಡಿದವರು ಇಬ್ಬರು ಕೇಳಿದರೂ ಕೊಡಲಿಲ್ಲ, ಮಾಲು ಹಿಡಿದಿಟ್ಟುಕೊಳ್ಳುವುದು ನನ್ನ ಪದ್ಧತಿಯಲ್ಲದಿದ್ದರೂ. ಮಳೆಗಾಲ ಮುಗಿದು ಬಿಸಿಲು ಎಳೆಯಾಗಿದ್ದ ಒಂದು ಮುಂಜಾನೆ ಅತ್ತೆ ಊಟ ಮುಗಿಸಿ, ತಟ್ಟೆ ತೊಳೆದು ಕುಡಿದು, ನೇರ ಅಂಗಡಿಗೆ ಬಂದರು. ಕಪಾಟಿನಿಂದ ಖಣವನ್ನು ತಾವೇ ತೆಗೆದು ನನ್ನ ಮುಂದೆ ಹಾಸಿದರು. ನಾನು ಟೇಪು ತೆಗೆದುಕೊಂಡು ಎದ್ದೆ.

“ಅಳತಿ ಯಾಕ ತಗೋತಿ?” ಎಂದು ಕೈ ಅಡ್ಡ ಹಿಡಿದರು. ಗಂಟಿನ ತುದಿಗಳು ಇನ್ನೂ ಸ್ವಲ್ಪ ಉದ್ದವೇ ಇದ್ದವು. ಅವರೂ ಅದನ್ನು ಬಗ್ಗಿ ನೋಡಿಕೊಂಡರು. “ಹಳೀ ಕುಪ್ಪಸ ಇಟ್ಟು ಅದರಷ್ಟ ಕತ್ತರಿಸು. ಒಂದ್ ನೂಲು ಕಡಿಮಿ ಮಾಡಬ್ಯಾಡ.”

ನಾನು ಹಳೆಯ ಕುಪ್ಪಸವನ್ನು ಖಣದ ಮೇಲಿಟ್ಟು, ಸುಕ್ಕು ತೀಡಿ, ಅಂಚು ಹಿಡಿದು ಕತ್ತರಿ ಹಾಕಿದೆ.